ಮುಕ್ಕಾಲು ಲೀಟರ್ ಪುನರ್ಪುಳಿ

ನೆಲದ ಮೇಲೆ ಹಾಸಿದ್ದ ಆ ಬಟ್ಟೆ ನನ್ನ ಪಂಚೆಯೇ ಆಗಿತ್ತೋ, ಹಳೆಯ ಬೆಡ್‌ಶೀಟೋ, ಈಗ ಆಣೆ ಮಾಡಿ ಹೇಳಲಾರೆ. ಪಂಚೆಯಷ್ಟು ಉದ್ದವೇ ಇರಲಿಲ್ಲ ಎನ್ನುತ್ತಾಳೆ ಹೆಂಡತಿ ಸುಮತಿ. ಹೆದರಿದವನ ನೆನಪು ಬಟ್ಟೆಯನ್ನೂ ಎಳೆದು ಉದ್ದ ಮಾಡುತ್ತದೆ. ಆದರೆ ಸಂಜೆ ಶಾಲೆಯಿಂದ ಕುಕ್ಕುಂದೂರಿನ ಮನೆಗೆ ಬಂದು ಬಾಗಿಲು ತೆರೆದಾಗ ನೆಲವೆಲ್ಲ ಕೆಂಪಾಗಿತ್ತು, ನಾನು ಚೀಲ ಬಿಟ್ಟು ಒಳಗೆ ನುಗ್ಗಹೋದೆ. ಇಷ್ಟು ನಿಜ.

ಆ ಕೆಂಪಿನ ನಡುವೆ ಕುಳಿತಿದ್ದ ಸುಮತಿ, "ಮೆಟ್ಟಬೇಡಿ, ಪುನರ್ಪುಳಿ ಶರಬತ್ತು ಅದು" ಎಂದಳು.

ಅವಳು ಕಾರ್ಕಳದ ಒಂದು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನರ್ಸ್. ಎಷ್ಟು ವರ್ಷ ಹೆರಿಗೆ ಮಾಡಿಸಿದರೂ ಆಗಾಗ ಮಣಿಪಾಲಕ್ಕೆ ಹೋಗಿ ಹೊಸದಾಗಿ ಕಲಿಯಬೇಕು, ಪರೀಕ್ಷೆ ಕೊಡಬೇಕು. ತೊಯ್ದ ಬಟ್ಟೆ ನೋಡಿ ಎಷ್ಟು ರಕ್ತ ಹೋಗಿದೆಯೆಂದು ಅಂದಾಜು ಮಾಡುವುದು ಅದರಲ್ಲೊಂದು. ಅಂದಿನ ಪರೀಕ್ಷೆಯಲ್ಲಿ ಅವಳು ಹೇಳಿದ್ದು ಇದ್ದುದರ ಅರ್ಧ.

"ಕಣ್ಣು ಯಾವಾಗಲೂ ಕಡಿಮೆಯೇ ಹೇಳುವುದಂತೆ. ಡಾಕ್ಟರನ್ನು ಕರೆಯುವುದು ತಡವಾದರೆ ಬಾಣಂತಿಯ ಜೀವ ಹೋಗ್ತದೆ. ನಾಳೆ ಪುನಃ ಪರೀಕ್ಷೆ ಉಂಟು." ಅವಳ ದನಿ ಸಣ್ಣದಾಗಿತ್ತು. ಅದಕ್ಕೇ ಶರಬತ್ತು ಸುರಿದು ಅಭ್ಯಾಸ ಮಾಡುತ್ತಿದ್ದಳು, ಆದರೆ ತಾನೇ ಸುರಿದರೆ ಅಳತೆ ಗೊತ್ತಿರುತ್ತದಲ್ಲ. ವಿಜ್ಞಾನದ ಮೇಷ್ಟ್ರೆಂದು ಸುರಿಯುವ ಕೆಲಸ ನನಗೆ ಬಂತು.

ಅವಳು ಒಳಗೆ ಹೋದಳು. ನಾನು ಜಗ್ಗಿನಲ್ಲಿ ಮುಕ್ಕಾಲು ಲೀಟರ್ ಅಳೆದು ಹೊಸ ಬಟ್ಟೆ ಹಾಸುವಷ್ಟರಲ್ಲಿ ಪಕ್ಕದ ಮನೆಯ ಜಲಜಕ್ಕ ಮಟ್ಟುಗುಳ್ಳ ಬದನೆ ಕೊಡಲು ಬಂದರು. ನೆಲ ನೋಡಿದರು. ನನ್ನನ್ನು ನೋಡಿದರು.

"ಮಾಷ್ಟ್ರೇ, ಸುಮತಿ ಎಲ್ಲಿ?"

"ಒಳಗಿದ್ದಾಳೆ. ನೋಡಬಾರದು" ಎಂದೆ. ಸುರಿಯುವುದನ್ನು ಅವಳು ನೋಡಬಾರದು ಎಂಬ ಅರ್ಥದಲ್ಲಿ.

ಜಲಜಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಳಗಿನಿಂದ ಸುಮತಿ, "ನಾನು ಬದುಕಿದ್ದೇನೆ ಜಲಜಕ್ಕ, ಪರೀಕ್ಷೆಗೆ ತಯಾರಾಗ್ತಾ ಇದ್ದೇನೆ" ಎಂದಳು.

"ಇದೆಂತ ಪರೀಕ್ಷೆ ಮಾರಾಯ್ತಿ, ನನ್ನ ಜೀವ ಹೋಗ್ತಿತ್ತು."

ಅವರು ಹೊಸ್ತಿಲ ಮೇಲೆಯೇ ಕುಳಿತರು. ಕೈಗೆ ಸಿಕ್ಕಿದ ಜಗ್ಗಿನಿಂದ ಒಂದು ಲೋಟ ಬಗ್ಗಿಸಿ ಕೊಟ್ಟೆ. ನಾನೂ ಕುಡಿದೆ. ಜಲಜಕ್ಕ ಇನ್ನೊಮ್ಮೆ ಲೋಟ ಚಾಚಿದ ಹಾಗೂ ನೆನಪು. ಉಳಿದದ್ದನ್ನು ಬಟ್ಟೆಯ ಮೇಲೆ ಸುರಿದೆ.

ಸುಮತಿ ಬಂದು ಬಟ್ಟೆಯನ್ನು ಬಹಳ ಹೊತ್ತು ನೋಡಿದಳು. "ಮುಕ್ಕಾಲು ಲೀಟರ್."

"ಸರಿಯಾಗಿ ಹೇಳಿದೆ" ಎಂದೆ. ಅವಳ ಮುಖ ಅರಳಿತು.

ಮಾರನೆಯ ದಿನ ಅವಳು ಮಣಿಪಾಲದ ಬಸ್ಸು ಹತ್ತಿದ ಮೇಲೆ ಆ ಲೋಟಗಳನ್ನು ತೊಳೆಯುತ್ತಿದ್ದಾಗ ನನಗೆ ಹೊಳೆಯಿತು: ನಾವು ಕುಡಿದದ್ದು ಅಳೆದಿಟ್ಟ ಜಗ್ಗಿನಿಂದಲೇ. ಫೋನ್ ಮಾಡಿದೆ, ಆಫ್ ಆಗಿತ್ತು. ಸಂಜೆ ಅವಳು ನಗುತ್ತಲೇ ಬಂದಳು: "ಎಲ್ಲರೂ ಕಡಿಮೆ ಹೇಳಿದರು. ನಾನೊಬ್ಬಳೇ ಸರಿ. ಎಲ್ಲ ನಿಮ್ಮ ಅಳತೆಯಿಂದ."

ಆ ಬಟ್ಟೆಯ ಮೇಲೆ ಎಷ್ಟು ಬಿದ್ದಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.