ಹದಿಮೂರಡಿ ಬಾಗಿಲಿನ ಠರಾವು

ಕಾಪುವಿನ ಮೀನು ವ್ಯಾಪಾರಿಗಳ ಸಹಕಾರಿ ಸಂಘದಲ್ಲಿ ನಿರ್ದೇಶಕರ ಮುಂದೆ ಸಿಬ್ಬಂದಿ ಬಾಯಿ ಬಿಡುವುದಿಲ್ಲ ಎಂಬ ಸಂಗತಿ ಒಂಬತ್ತು ವರ್ಷಗಳಿಂದ ವಾರ್ಷಿಕ ವರದಿಯಲ್ಲಿ ‘ನಮ್ಮ ಸಾಧನೆಗಳು’ ಎಂಬ ತಲೆಬರಹದಡಿ ಮುದ್ರಣವಾಗುತ್ತಿತ್ತು. ಸಭೆ ನಾಲ್ಕಕ್ಕೆ ಸೇರಿ ನಾಲ್ಕೂ ಹತ್ತಕ್ಕೆ ಮುಗಿಯುತ್ತಿತ್ತು. ಉಳಿದ ಹೊತ್ತು ಗೋಳಿಬಜೆ ತಿನ್ನಲು ಮೀಸಲು.

ಈ ಸಾಧನೆಗೆ ಭಂಗ ಬಂದದ್ದು ಸಂಘದ ಸಿಬ್ಬಂದಿಯಾಗಿ ಮೀನಿನ ಹರಾಜು, ಅಂದರೆ ಏಲಂ, ಕೂಗುವ ಚಂಪಕ್ಕನಿಂದ. ಸಂಘದ ಹೊಸ ಶೀತಲ ಕೋಣೆಯ ನಕ್ಷೆಯಲ್ಲಿ ಬಾಗಿಲು ಎರಡೂವರೆ ಅಡಿ ಇತ್ತು. ಮೀನಿನ ಬಾಕ್ಸಿನ ಅಗಲ ಮೂರಡಿ. ಓರೆ ಮಾಡಿ ತುರುಕಿದರೆ ಬೂತಾಯಿ ಮೀನೆಲ್ಲ ನೆಲಕ್ಕೆ. ಬಾಗಿಲು ಹೀಗೆಯೇ ಉಳಿದರೆ ನಲವತ್ತು ಹೆಂಗಸರ ಮೀನು ಬಿಸಿಲಲ್ಲೇ ಕೊಳೆಯುತ್ತದೆ. ಅವರಲ್ಲಿ ಚಂಪಕ್ಕನ ತಂಗಿಯೂ ಒಬ್ಬಳು. ನಕ್ಷೆಗೆ ಬರುವ ಶನಿವಾರದ ಸಭೆಯಲ್ಲಿ ಸಹಿ ಬೀಳುವುದಿತ್ತು.

ಬೆಳಿಗ್ಗೆ ಕಡಲ ಬದಿಯಲ್ಲಿ ಚಂಪಕ್ಕ ಕೂಗಿದರೆ ದೀಪಸ್ತಂಭ ಹತ್ತಿದ ಪ್ರವಾಸಿಗರು ಗಾಬರಿಯಾಗಿ ಇಳಿಯುತ್ತಿದ್ದರು. ಸಭೆಯಲ್ಲಿ ಮಾತ್ರ ಚಂಪಕ್ಕ ಹೇಳಬೇಕಾದುದನ್ನು ಬರೆದು ತಂದ ಚೀಟಿಯನ್ನು ಬಿಚ್ಚದೆ ಹಾಗೆಯೇ ಮನೆಗೆ ಒಯ್ಯುತ್ತಿದ್ದರು.

ಬಾಗಿಲಿನ ವಿಷಯ ಹೇಳಬೇಕು, ಧೈರ್ಯ ಸಾಲದು ಎಂದು ಚಂಪಕ್ಕ ತಿಳಿಸಿದಾಗ ಸಂಘದ ವ್ಯವಸ್ಥಾಪಕ ಪ್ರವೀಣ್ ನಿಯಮಾವಳಿ ತೆಗೆದರು. ಉಪನಿಯಮ ಹದಿನಾಲ್ಕು ಹೀಗಿತ್ತು: “ಧೈರ್ಯ ತರಬೇತಿ ಬೇಕಾದವರು ತಮಗೆ ಧೈರ್ಯವಿಲ್ಲವೆಂದು ನಿರ್ದೇಶಕರ ಮುಂದೆ ನಿಂತು ಏರುದನಿಯಲ್ಲಿ ಘೋಷಿಸತಕ್ಕದ್ದು.” ಚಂಪಕ್ಕ ಹೋಗಿ ನಿಂತರು. ಸ್ವರ ಹೊರಡಲಿಲ್ಲ. ಇದನ್ನೇ ಸಾಕಷ್ಟು ಪುರಾವೆಯೆಂದು ಪರಿಗಣಿಸಿ ಅವರನ್ನು ಮಣಿಪಾಲದ ತರಬೇತಿಗೆ ಕಳುಹಿಸಲಾಯಿತು.

ತರಬೇತುದಾರ ಶಿರ್ವದ ಲೆಸ್ಟರ್. “ನಿಮಗೆ ಎಂತ ಹೆದರಿಕೆ?” ಎಂದು ಕೇಳಿದರು.

“ಅವರೆಲ್ಲ ದೊಡ್ಡವರಲ್ವಾ ಸರ್. ಕುರ್ಚಿಯಲ್ಲಿ ಕೂತರೆ ಇನ್ನೂ ದೊಡ್ಡವರಾಗಿ ಕಾಣ್ತಾರೆ.”

“ಬೆಳಿಗ್ಗೆ ಏಲಂಗೆ ಅವರೇ ಬರುವುದಲ್ವಾ? ಆಗ ಹೆದರಿಕೆ ಇಲ್ವಾ?”

“ಆಗ ನಾನು ಬಾಕ್ಸಿನ ಮೇಲೆ ನಿಂತಿರ್ತೇನೆ.”

“ಹಾಗಾದ್ರೆ ಸಭೆಗೂ ಒಂದು ಬಾಕ್ಸ್ ತಕೊಂಡು ಹೋಗಿ. ಏಲಂನ ಸ್ವರವನ್ನೇ ಅಲ್ಲಿಯೂ ತೆಗೀರಿ.” ಇಷ್ಟು ಹೇಳಿ ಲೆಸ್ಟರ್ ಪ್ರಮಾಣಪತ್ರ ಕೊಟ್ಟರು.

ಶನಿವಾರ ಚಂಪಕ್ಕ ಬಾಕ್ಸ್ ಹತ್ತಿ, ಕಣ್ಣು ಮುಚ್ಚಿ ಕೂಗಿದರು: “ಬಾಗಿಲು, ಮೂರಡಿ.”

ಇಲ್ಲಿ ಒಂದು ವಿವರಣೆ ಅಗತ್ಯ. ಏಳೂ ಮಂದಿ ನಿರ್ದೇಶಕರು ಮೂವತ್ತು ವರ್ಷ ಏಲಂನಲ್ಲಿ ಈ ಬಗೆಯ ಕೂಗಿಗೆ ಬೆರಳೆತ್ತಿಯೇ ಮುಂದೆ ಬಂದವರು. ಕೂಗು ಕೇಳಿದೊಡನೆ ಬೆರಳು ತಾನಾಗಿ ಏಳುತ್ತದೆ. ವಿಷಯ ಏನೆಂದು ತಲೆಗೆ ಹೋಗುವುದು ಆಮೇಲೆ. ಅಧ್ಯಕ್ಷ ಶೀನ “ನಾಲ್ಕು” ಎಂದರು. ಶೀನರಿಗೆ ಬಿಟ್ಟುಕೊಡಬಾರದೆಂಬ ಒಂದೇ ಕಾರಣಕ್ಕೆ ಉಪಾಧ್ಯಕ್ಷ ಬೂಬ “ಆರು” ಎಂದರು. ಚಂಪಕ್ಕನ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ, ಅವರು ಕೂಗನ್ನು ಏರಿಸುತ್ತಲೇ ಹೋದರು. ಎಂಟಾಯಿತು, ಹನ್ನೊಂದಾಯಿತು. ಬೂಬ “ಹದಿಮೂರು” ಎಂದಾಗ ಉಳಿದವರು ಬೆರಳು ಇಳಿಸಿದರು. ಚಂಪಕ್ಕ ಒಂದು ಸಲ, ಎರಡು ಸಲ, ಮೂರು ಸಲ ಎಂದು ಮುಗಿಸಿದರು.

“ಗೋಡೆಯೇ ಹನ್ನೆರಡಡಿ ಇರುವುದು ಶೀನಣ್ಣ,” ಎಂದರು ಪ್ರವೀಣ್.

“ಮೂರು ಸಲ ಹೇಳಿ ಆಯ್ತಲ್ಲ ಮಾರಾಯ. ಇನ್ನು ಎಂತ ಮಾತು?” ಎಂದರು ಅಧ್ಯಕ್ಷರು.

ಮುಗಿದ ಏಲಂ ಹಿಂದೆ ಸರಿಯುವುದಿಲ್ಲ ಎಂಬುದು ಕಡಲ ಬದಿಯ ಕಟ್ಟುಪಾಡು. ಆದ್ದರಿಂದ ಠರಾವು ಹೀಗೆ ದಾಖಲಾಯಿತು: “ಬಾಗಿಲು ಹದಿಮೂರಡಿ ಇರತಕ್ಕದ್ದು. ಗೋಡೆಯು ಬಾಗಿಲಿಗೆ ಸಹಕರಿಸತಕ್ಕದ್ದು.”

ಮೂರು ತಿಂಗಳಲ್ಲಿ ಕೋಣೆ ಎದ್ದಿತು. ಒಂದು ಬದಿಗೆ ಗೋಡೆಯೇ ಇಲ್ಲ, ಪೂರ್ತಿ ಬಾಗಿಲು. ಹೆಚ್ಚಾದ ಒಂದಡಿ ಪಕ್ಕದ ಹೋಟೆಲಿನ ಅಂಗಳಕ್ಕೆ ಚಾಚಿದೆ. ಅಲ್ಲಿಯವರು ಅದರ ಮೇಲೆ ಬಟ್ಟೆ ಒಣಗಹಾಕುತ್ತಾರೆ. ಬಾಗಿಲು ತೆರೆದಾಗ ಹೊರಬರುವ ತಂಪಿಗೆ ಬಸ್ಸು ಕಾಯುವವರು ಬಂದು ನಿಲ್ಲುತ್ತಾರೆ.

ಉದ್ಘಾಟನೆಯ ದಿನ ಬಾಕ್ಸುಗಳು ನಾಲ್ಕು ನಾಲ್ಕಾಗಿ ಸಲೀಸಾಗಿ ಒಳಹೋದವು. ತಂಗಿಯ ಮೀನು ನೆರಳು ಸೇರಿದ್ದನ್ನು ನೋಡಿ ಚಂಪಕ್ಕನಿಗೆ ನಿಜಕ್ಕೂ ಸಂತೋಷವಾಯಿತು. ಒಂದು ಗಂಟೆಯೊಳಗೆ ಕೋಣೆ ತುಂಬಿತು. ಇನ್ನೂ ಹದಿನೈದು ಹೆಂಗಸರು ಬಾಕ್ಸು ಹಿಡಿದು ಹೊರಗಿದ್ದರು.

ಶೀನ ತಲೆ ಕೆರೆದುಕೊಂಡರು. “ಬಾಗಿಲು ಒಳ್ಳೆಯದುಂಟು. ಕೋಣೆ ಸ್ವಲ್ಪ ಸಣ್ಣದಾಯ್ತು ಅಲ್ವಾ?”

ಚಂಪಕ್ಕ ಈ ಸಲ ಬಾಕ್ಸು ಹುಡುಕಲಿಲ್ಲ. ನೆಲದ ಮೇಲೆ, ನಿಂತಲ್ಲೇ ನಿಂತು, ಅಧ್ಯಕ್ಷರ ಮುಖವನ್ನೇ ನೋಡುತ್ತಾ ಕೂಗಿದರು: “ಕೋಣೆ, ಇಪ್ಪತ್ತಡಿ.”

ಏಳು ಬೆರಳುಗಳು ಮೇಲೆದ್ದವು. ಪ್ರವೀಣ್ ಠರಾವು ಪುಸ್ತಕ ಬಿಡಿಸಿದರು.