ತುಂಬಿದ ಚೆಂಬಿನ ಪರೀಕ್ಷೆ

ಸೇಸಮ್ಮ ಜಗಲಿಯಲ್ಲಿ ಕುಳಿತು ಗೆರಸೆಯಲ್ಲಿ ಹುರುಳಿ ಕೇರುತ್ತಿದ್ದಳು. ಕಲ್ಲು ಒಂದು ಕಡೆ, ಹುರುಳಿ ಒಂದು ಕಡೆ, ಮಾತು ಯಾವ ಕಡೆಯೂ ಇಲ್ಲ. ಅಂಗಳದಲ್ಲಿ ಅವಳ ಗಂಡ ಮಾಯಿಲಪ್ಪ ಕುದುರೆಯ ಬೆನ್ನಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದ. ಮಾತಾಡಿದರೆ ಉತ್ತರ ಬರುವುದಿಲ್ಲವೆಂದು ಅವನಿಗೆ ಹದಿನೈದು ದಿನಗಳಿಂದ ಗೊತ್ತಿತ್ತು.

ಹದಿನೈದು ದಿನದ ಹಿಂದೆ, ಮೂಡುಬಿದಿರೆಗೆ ಬಂದಿದ್ದ ಸರ್ಕಸ್ಸು ಡೇರೆ ಕಿತ್ತಾಗ, ಹೆಂಡತಿ ಸಾಕಿದ್ದ ಹಾಲು ಕೊಡುವ ಎರಡು ದನಗಳನ್ನು ಕೊಟ್ಟು ಮಾಯಿಲಪ್ಪ ಈ ಕುದುರೆಯನ್ನು ತಂದಿದ್ದ. ಇಪ್ಪತ್ತು ವರ್ಷ ಅವನು ಸುಬ್ಬಪ್ಪ ಧಣಿಗಳ ಕಂಬಳದ ಕೋಣಗಳನ್ನು ಸಾಕಿ ಓಡಿಸಿದವನು. "ಇನ್ನು ನಿನ್ನಿಂದ ಓಡಿಸಲಿಕ್ಕೆ ಆಗುವುದಿಲ್ಲ," ಎಂದು ಧಣಿ ಮನೆಗೆ ಕಳಿಸಿದ್ದರು. ಇನ್ನು ಜಟಕಾ ಕಟ್ಟಿ ಯಾತ್ರಿಕರನ್ನು ಬಸ್‌ಸ್ಟ್ಯಾಂಡಿನಿಂದ ಸಾವಿರ ಕಂಬದ ಬಸದಿಗೆ ಮುಟ್ಟಿಸುವುದು ಅವನ ಆಲೋಚನೆ. ಅದಕ್ಕೆ ಪಂಚಾಯತಿಯ ಪರವಾನಿಗೆ ಬೇಕು. ಪರೀಕ್ಷೆ ಇವತ್ತು ನಾಲ್ಕು ಗಂಟೆಗೆ. ಪರವಾನಿಗೆ ಸಿಗದಿದ್ದರೆ ಐದೂವರೆಯ ಬಸ್ಸಿಗೆ ಕಕ್ಕಿಂಜೆಯ ಅಣ್ಣನ ಮನೆಗೆ ಹೊರಡುತ್ತೇನೆಂದು ಸೇಸಮ್ಮ ಬಾಯಿಬಿಟ್ಟು ಹೇಳಿರಲಿಲ್ಲ. ಬಟ್ಟೆಯ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು.

ಅಷ್ಟರಲ್ಲಿ ಕುದುರೆಗೆ ಪಾಠ ಹೇಳಲು ಒಪ್ಪಿದ್ದ ಗುರುಗಳಿಬ್ಬರೂ ಬಂದರು. ಆಚೆ ಮನೆಯ ಸಂಕಪ್ಪ ಮಿಲಿಟರಿಯ ಕುದುರೆ ಪಡೆಯಿಂದ ಪೆನ್ಶನ್ ಆಗಿ ಬಂದವನು. ಈಚೆ ಮನೆಯ ಲೋಕನಾಥ ಬೆಂಗಳೂರಿನ ರೇಸು ಲಾಯದಲ್ಲಿ ಮೂರು ವರ್ಷ ಹುಲ್ಲು ಹಾಕಿದವನು.

"ಓಡಲಿಕ್ಕೆ ಏನು ವಿದ್ಯೆ ಬೇಕು? ಹಿಂದಿನಿಂದ ನಾಯಿ ಬಂದರೆ ನೀನೂ ಓಡ್ತಿ," ಎಂದ ಸಂಕಪ್ಪ. "ಪಡೆಯ ಕುದುರೆಗೆ ಎರಡು ವರ್ಷ ತರಬೇತಿ ಉಂಟು. ಕಿವಿಯ ಹತ್ತಿರ ಕೋವಿ ಸಿಡಿದರೂ ರೆಪ್ಪೆ ಬಡಿಯಬಾರದು."

"ರೆಪ್ಪೆ ಬಡಿಯದೆ ನಿಲ್ಲಲಿಕ್ಕೆ ಬೇಲಿಯ ಗೂಟಕ್ಕೂ ಬರ್ತದೆ ಮಾರಾಯ. ರೇಸಿನ ಕುದುರೆಗೆ ಉಸಿರು ಕಲಿಸಬೇಕು, ಹೊಟ್ಟೆ ಕಲಿಸಬೇಕು. ಓಟದ ದಿನ ಒಂದು ಕಾಳು ಮುಟ್ಟಬಾರದು."

ಹಾಗೆಂದ ಲೋಕನಾಥ ಹುರುಳಿಯನ್ನು ಗೆರಸೆ ಸಮೇತ ಎತ್ತಿ ಅಟ್ಟಕ್ಕೆ ಸೇರಿಸಿದ. ಸಂಕಪ್ಪ ಹಸಿದ ಕುದುರೆಯನ್ನು ಮಧ್ಯಾಹ್ನದವರೆಗೆ ಎಡಕ್ಕೂ ಬಲಕ್ಕೂ ನಡೆಸಿದ. ಮಾಯಿಲಪ್ಪ ಇಬ್ಬರಿಗೂ ತಲೆಯಾಡಿಸಿದ.

ತಾನು ದಿನಾ ನಸುಕಿನಲ್ಲಿ ಮಾಡುತ್ತಿದ್ದುದನ್ನು ಅವನು ಅವರಿಗೆ ಹೇಳಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಮಾರ್ಗದ ಬದಿಯ ಧಣಿಗಳ ಕಂಬಳಗದ್ದೆಗೆ ಕುದುರೆಯನ್ನು ಇಳಿಸುವುದು, ಕೆಸರುನೀರಿನಲ್ಲಿ ಓಡಿಸುವುದು, ಓಟ ಮುಗಿಯುವ ಏರಿನಲ್ಲಿ, ಅಂದರೆ ಮಂಜೊಟ್ಟಿಯಲ್ಲಿ ನಿಲ್ಲಿಸಿ ಒಂದು ಬೊಗಸೆ ಹುರುಳಿ ಕೊಡುವುದು. ಕೋಣಕ್ಕೂ ಹುರುಳಿ, ಕುದುರೆಗೂ ಹುರುಳಿ. ಉಳಿದ ವ್ಯತ್ಯಾಸ ಕೊಂಬಿನದು ಮಾತ್ರ ಎಂದು ಅವನ ನಂಬಿಕೆ.

ನಾಲ್ಕು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಪಂಚಾಯತಿ ಮೆಂಬರು ಶ್ರೀಕೃಷ್ಣಯ್ಯ ಕೊಕ್ಕರೆಯಂಥ ಬಿಳಿ ಉಡುಪಿನಲ್ಲಿ ಜಟಕಾ ಹತ್ತಿದರು. ಕಾಯಿದೆ ಬಿಟ್ಟು ಕೆಮ್ಮುವವರೂ ಅಲ್ಲ ಅವರು. ತೊಡೆಯ ಮೇಲೆ ಒಂದು ಚೆಂಬು.

"ಬಸದಿ ಕಡೆಗೆ ಹೋಗುವ. ಓಡುವುದು ಕತ್ತೆಗೂ ಬರ್ತದೆ, ಜಟಕಾದ ಕುದುರೆಗೆ ನಿಲ್ಲಲಿಕ್ಕೆ ಬರ್ಬೇಕು. ಚೆಂಬಿನಲ್ಲಿ ಕುತ್ತಿಗೆಯವರೆಗೆ ನೀರುಂಟು. ಗಾಡಿ ನಿಂತಾಗ ಕಡಿಮೆಯಾಗಿದ್ದರೆ ಫೇಲು, ಆಗದಿದ್ದರೆ ಪಾಸು."

ಮಾಯಿಲಪ್ಪ ಲಗಾಮು ಅಲ್ಲಾಡಿಸಿದ. ಕುದುರೆ ಅಲ್ಲಾಡಲಿಲ್ಲ.

ಸಂಕಪ್ಪ ಮಿಲಿಟರಿ ಗಂಟಲಿನಲ್ಲಿ "ಆಗೇ ಬಢ್", ಅಂದರೆ ಮುಂದೆ ನಡೆ, ಎಂದ. ಕುದುರೆ ರೆಪ್ಪೆಯನ್ನೂ ಬಡಿಯಲಿಲ್ಲ. "ನೋಡಿ, ಅದು ನಾನು ಕಲಿಸಿದ್ದು," ಎಂದ ಸಂಕಪ್ಪ. ಲೋಕನಾಥ ರೇಸಿನ ಸೀಟಿ ಊದಿದ. ಕುದುರೆ ಆಕಳಿಸಿತು. ಸುತ್ತ ಸೇರಿದ್ದ ಜನ ನಕ್ಕು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಕೇಳಿದ್ದೇ ಕುದುರೆಗೆ ಸರ್ಕಸ್ಸು ನೆನಪಾಯಿತು. ನಿಂತಿದ್ದ ಮಂಗಳೂರು ಬಸ್ಸಿಗೆ ಗಾಡಿ ಸಮೇತ ಮೂರು ಪ್ರದಕ್ಷಿಣೆ ಹಾಕಿತು.

"ಬಸದಿ ಒಳಗೆ ಪ್ರದಕ್ಷಿಣೆ ನಾನೇ ಹಾಕ್ತೇನೆ, ಮೊದಲು ಅಲ್ಲಿಗೆ ಮುಟ್ಟಿಸು," ಎಂದರು ಶ್ರೀಕೃಷ್ಣಯ್ಯ, ಚೆಂಬಿನ ಬಾಯಿಗೆ ಅಂಗೈ ಮುಚ್ಚಿ.

ನಾಲ್ಕನೆಯ ಸುತ್ತಿನಲ್ಲಿ ಕುದುರೆ ಮಾರ್ಗ ಹಿಡಿಯಿತು. ತಿರುವಿನವರೆಗೆ ದೇವರಂತೆ ನಡೆಯಿತು. ಬಲಕ್ಕೆ ಬಸದಿ. ಎಡಕ್ಕೆ ಕಂಬಳಗದ್ದೆ, ಅಲ್ಲಿ ಧಣಿಗಳ ಹೊಸ ಆಳು ಕೋಣಗಳನ್ನು ಓಟಕ್ಕೆ ಕಟ್ಟುತ್ತಿದ್ದ. ಬೆಳಗಿನಿಂದ ಉಪವಾಸವಿದ್ದ ಕುದುರೆಗೆ ಹುರುಳಿ ಸಿಗುವ ಜಾಗ ಲೋಕದಲ್ಲಿ ಒಂದೇ. ಅದರ ಕಿವಿ ನೆಟ್ಟಗಾದುದನ್ನು ಕಂಡ ಮಾಯಿಲಪ್ಪ ಲಗಾಮು ಜಗ್ಗಿದ. "ಬೇಡ," ಎನ್ನುವಷ್ಟರಲ್ಲಿ ಜಟಕಾ ಗದ್ದೆಯೊಳಗಿತ್ತು.

ಬದುವಿನ ಮೇಲಿಂದ ಧಣಿ ಕೇಳಿದರು. "ಏನು ಮಾಯಿಲ, ಕೋಣ ಓಡಿಸಲಿಕ್ಕೆ ಆಗದವನು ಈಗ ಮೆಂಬರನ್ನು ಓಡಿಸ್ತೀಯಾ?"

ಮಾಯಿಲಪ್ಪ ಅಲ್ಲಿಯವರೆಗೆ ಲಗಾಮು ಎಳೆಯುತ್ತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ಲಗಾಮು ಸಡಿಲ ಬಿಟ್ಟು ಎದ್ದು ನಿಂತ. ಇಪ್ಪತ್ತು ವರ್ಷ ಗಂಟಲಲ್ಲಿದ್ದ ಕಂಬಳದ ಕೂಗು ಹೊರಗೆ ಬಂತು. ಕೋಣಗಳೂ ಹೊರಟವು, ಕುದುರೆಯೂ ಹೊರಟಿತು. ಕೆಸರು ತೆಂಗಿನಮರದೆತ್ತರಕ್ಕೆ ಹಾರಿತು. ಗಂಟು ಹಿಡಿದು ಬಸ್ಸಿಗೆ ಹೊರಟಿದ್ದ ಸೇಸಮ್ಮ ಮಾರ್ಗದಲ್ಲಿ ನಿಂತು ನೋಡಿದಳು.

"ಬಿಡಬೇಡಿ, ಓಡಿಸಿ," ಎಂದು ಕೂಗಿದಳು. ಹದಿನೈದು ದಿನದ ಮೊದಲ ಮಾತು ಅದು.

ಹೆಂಡತಿಯ ಸ್ವರ ಕೇಳಿ ಮಾಯಿಲಪ್ಪನಿಗೆ ಪ್ರಾಯದಲ್ಲಿ ಇಪ್ಪತ್ತೈದು ವರ್ಷ ಕಡಿಮೆಯಾಯಿತು. ಕೋಣಗಳನ್ನು ಒಂದು ಗಾಡಿಯಷ್ಟು ಹಿಂದೆ ಹಾಕಿದ ಕುದುರೆ ಮಂಜೊಟ್ಟಿ ಏರಿ, ಮೊಳೆ ಹೊಡೆದಂತೆ ನಿಂತು, ಹುರುಳಿಗಾಗಿ ಹಿಂದೆ ತಿರುಗಿ ನೋಡಿತು. ಜನ ಮಾಯಿಲಪ್ಪನನ್ನು ಹೆಗಲ ಮೇಲೆ ಹೊತ್ತರು. ಧಣಿ ತಮ್ಮ ಶಾಲು ತೆಗೆದು ಅವನಿಗೆ ಹೊದಿಸಿದರು. ಸೇಸಮ್ಮ ಅಣ್ಣನ ಮನೆಗೆಂದು ಅಟ್ಟದಿಂದ ಇಳಿಸಿ ಕಟ್ಟಿಕೊಂಡಿದ್ದ ಹುರುಳಿಯನ್ನು ಗಂಟು ಬಿಚ್ಚಿ ಕುದುರೆಯ ಬಾಯಿಗೆ ಹಿಡಿದಳು.

ಆಗ ಗಾಡಿಯೊಳಗಿನ ಕೆಸರಿನ ಮುದ್ದೆಗೆ ಎರಡು ಕಣ್ಣು ಮೂಡಿದವು. ಶ್ರೀಕೃಷ್ಣಯ್ಯ ಚೆಂಬಿನೊಳಗೆ ಇಣುಕಿದರು. ಕೆಸರುನೀರು ಕಂಠ ದಾಟಿ ತುಳುಕುತ್ತಿತ್ತು.

"ಕಡಿಮೆಯಾಗಬಾರದು ಅಂತ ಹೇಳಿದವನು ನಾನೇ," ಎಂದರು ನಿಧಾನವಾಗಿ. "ಆಗಲಿಲ್ಲ. ಪಾಸು."

ಪೆನ್ನು ಒರೆಸಿ ಪರವಾನಿಗೆ ಬರೆದುಕೊಟ್ಟು ಬಾವಿಯ ಕಡೆಗೆ ನಡೆದರು. ಮೆರವಣಿಗೆ ಬಸ್‌ಸ್ಟ್ಯಾಂಡಿಗೆ ಹೋಯಿತು. ಗಂಟನ್ನು ಮಡಿಲಲ್ಲಿಟ್ಟು ಸೇಸಮ್ಮ ಬೆಂಚಿನ ಮೇಲೆ ನಗುತ್ತಾ ಕುಳಿತಳು. ಲೋಕನಾಥ ಎಲ್ಲರಿಗೂ ಕೇಳುವಂತೆ ಪರವಾನಿಗೆ ಓದಿದ.

"ಪರೀಕ್ಷೆಯಾದ ದಾರಿಯಲ್ಲಿ ಮಾತ್ರ ಜಟಕಾ ಓಡಿಸತಕ್ಕದ್ದು. ಬಸ್‌ಸ್ಟ್ಯಾಂಡಿನಿಂದ ಸುಬ್ಬಪ್ಪನವರ ಕಂಬಳಗದ್ದೆಯ ಮಂಜೊಟ್ಟಿಯವರೆಗೆ."

"ಬಸದಿ?" ಎಂದ ಮಾಯಿಲಪ್ಪ.

"ಬಸದಿಗೆ ನಿನ್ನ ಕುದುರೆ ಹೋಯಿತಾ ಮಾರಾಯ? ಹೋದಲ್ಲಿಗೆ ಕೊಟ್ಟಿದ್ದಾರೆ."

ಜನ ಒಬ್ಬೊಬ್ಬರಾಗಿ ಕರಗಿದರು. ಐದೂವರೆಯ ಬಸ್ಸು ಬಂತು. ಇಳಿದ ಯಾತ್ರಿಕರು ಬಸದಿಯ ದಾರಿ ಕೇಳಿಕೊಂಡು ನಡೆದೇ ಹೋದರು. ಧಣಿಗಳ ಶಾಲು ಹೊದ್ದ ಮಾಯಿಲಪ್ಪ ಪರವಾನಿಗೆ ಹಿಡಿದು ಕೂಗಿದ. "ಕಂಬಳಗದ್ದೆಗೆ, ಕಂಬಳಗದ್ದೆಗೆ."

ಬೆಂಚಿನ ಮೇಲೆ ಸೇಸಮ್ಮ ಗಂಟನ್ನು ಮತ್ತೆ ಬಿಗಿಯುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ.

"ಸೇಸು," ಎಂದ ಮಾಯಿಲಪ್ಪ ಖಾಲಿ ಜಟಕಾ ತೋರಿಸಿ, "ನೀನಾದರೂ ಹತ್ತು ಮಾರಾಯ್ತಿ."