ಚಿಕ್ಕಪ್ಪನ ಚೆಸ್ಸಿಗೊಂದು ಬ್ಯಾಕಪ್

ನಮ್ಮ ಚಿಕ್ಕಪ್ಪ ಈ ಲೋಕದಲ್ಲಿ ಹೆದರುವುದು ಒಂದಕ್ಕೇ, ಅಯಸ್ಕಾಂತಕ್ಕೆ! ಭದ್ರಾವತಿಯ ಕಾರ್ಖಾನೆಯಲ್ಲಿ ಕುದಿಯುವ ಕಬ್ಬಿಣದ ಮುಂದೆ ನಿಂತೇ ತಲೆ ನರೆಸಿಕೊಂಡವರು. ಅಂಥವರು ನಮ್ಮ ಮನೆಗೆ ಬಂದರೆ ಮೊದಲು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಮಾವಿನಹಣ್ಣನ್ನು ಕಿತ್ತು ಹಿತ್ತಲಿಗೆ ಎಸೆಯುತ್ತಿದ್ದರು.

ಕಾರಣ, ಅವರ ಜೇಬಿನಲ್ಲಿದ್ದ ಫ್ಲಾಪಿ. ಅಯಸ್ಕಾಂತ ತಾಗಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ರಿಟೈರಾದ ಮೇಲೆ ಕಂಪ್ಯೂಟರ್ ಕೊಂಡು, ಚೆಸ್ ಕಲಿಸುವ ಸಿ.ಡಿ. ಹಾಕಿಸಿಕೊಂಡಿದ್ದರು. ಮೂರು ವರ್ಷದಲ್ಲಿ ಯಾವ ಪಾಠದವರೆಗೆ ಬಂದರು, ಎಷ್ಟು ಗೆದ್ದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಅವರ ಹೆಸರಿನಡಿ ಇತ್ತು. ಅದು ಅಳಿಸಿಹೋದರೆ? ನೆನೆದರೇ ಬೆವರುತ್ತಿದ್ದರು. ಹಾಗಾಗಿ ಪ್ರತಿ ಭಾನುವಾರ ಫ್ಲಾಪಿಗೆ ಕಾಪಿ ಮಾಡಿ, ಜನ್ನಾಪುರದ ತಮ್ಮ ಮನೆಯಿಂದ ಬಸ್ಸು ಹತ್ತಿ, ರವೀಂದ್ರನಗರದ ನಮ್ಮ ಮನೆಯಲ್ಲಿಡಲು ತರುತ್ತಿದ್ದರು. ನಾನು ಕಂಪ್ಯೂಟರ್ ಟೀಚರ್ ಅಲ್ಲವೇ! ಆದರೆ ತೆರೆದು ನೋಡುವಂತಿಲ್ಲ, ಫ್ಲಾಪಿ ಸವೆಯುತ್ತದಂತೆ!

ಬಸ್ಸಿನ ಸ್ಪೀಕರಿನಲ್ಲೂ ಅಯಸ್ಕಾಂತ ಇರುತ್ತದಲ್ಲ, ಅದರ ಕೆಳಗೆ ಕೂರರು.

"ಸೀಟ್ ಖಾಲಿ ಇದೆ, ಕೂತ್ಕೊಳ್ಳಿ ಯಜಮಾನ್ರೇ," ಎಂದ ಕಂಡಕ್ಟರ್.

"ಬೇಡ ಮಾರಾಯ! ಅಲ್ಲಿ ಕೂತ್ರೆ ನನ್ನ ಆನೆ, ಕುದುರೆ ಎಲ್ಲಾ ಸತ್ತೋಗ್ತವೆ!"

ಕಂಡಕ್ಟರ್ ಮತ್ತೆ ಇವರ ಹತ್ತಿರ ಸುಳಿಯಲಿಲ್ಲ.

ಚಿಕ್ಕಮ್ಮನ ಗೋಳು ಬೇರೆ. "ನನ್ನ ಕಿವಿ ಓಲೇಲಿ ಅಯಸ್ಕಾಂತ ಇದ್ಯಾ ಅಂತ ಗುಂಡುಸೂಜಿ ಹಿಡಿದು ನೋಡಿದ್ರು ಕಣೇ!"

ಒಂದು ದಿನ ಚಿಕ್ಕಪ್ಪನ ಫೋನ್ ಬಂತು. "ಹಾರ್ಡ್ ಡಿಸ್ಕ್ ಸುಟ್ಟೋಯ್ತು ಕಣಮ್ಮ. ರಿಪೇರಿಯವನು ಹೊಸದು ಹಾಕಿ, ಚೆಸ್ಸೂ ಹಾಕಿದಾನೆ. ನನ್ನ ಫ್ಲಾಪಿ ತಗೊಂಡು ಬೇಗ ಬಾ."

ಹೊರಡುವ ಮೊದಲು ಒಂದು ಫ್ಲಾಪಿಯನ್ನು ತೆರೆದು ನೋಡಿದೆ. ಒಳಗಿದ್ದದ್ದು ಚೆಸ್ ತೆರೆಯಲು ಪರದೆಯ ಮೇಲೆ ಒತ್ತುವ ಕುದುರೆ ಮುಖದ ಐಕಾನ್ ಮಾತ್ರ! ಮನೆಯನ್ನು ಬಿಟ್ಟು, ಮನೆಗೆ ದಾರಿ ತೋರಿಸುವ ಬೋರ್ಡನ್ನಷ್ಟೇ ಚಿಕ್ಕಪ್ಪ ಮೂರು ವರ್ಷ ಕಾಪಿ ಮಾಡಿದ್ದರು. ಇನ್ನೊಂದನ್ನು ಹಾಕಿದೆ, ಮತ್ತೊಂದನ್ನು ಹಾಕಿದೆ. ಎಲ್ಲದರಲ್ಲೂ ಅದೇ ಕುದುರೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನು ಹೇಗೆ ಹೇಳುವುದೆಂದೇ ಯೋಚನೆ. ಅವರಿಗೆ ಬಿ.ಪಿ. ಬೇರೆ! ಕೇಳಿ ಏನಾದರೂ ಆಗಿಬಿಟ್ಟರೆ? ಸುಳ್ಳು ಹೇಳೋಣವೆಂದರೆ, ಕಂಪ್ಯೂಟರ್ ಅವರ ಎದುರಿಗೇ ಇದೆ. ಅವರ ಮನೆಗೆ ಹೋದವಳೇ ಹೇಳಿಬಿಟ್ಟೆ.

"ಚಿಕ್ಕಪ್ಪ, ಇದ್ರಲ್ಲಿ ಐಕಾನ್ ಮಾತ್ರ ಇದೆ. ನಿಮ್ಮ ಆಟ ಇಲ್ಲ."

"ಬೇರೆ ಫ್ಲಾಪೀಲಿ?"

"ಯಾವುದ್ರಲ್ಲೂ ಇಲ್ಲ."

ಅವರು ಕುರ್ಚಿ ಹಿಡಿದು ಮೆಲ್ಲನೆ ಕೂತರು. "ಮೂರು ವರ್ಷ ಕಣೇ..." ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು.

ಚಿಕ್ಕಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಹಂಗಾದ್ರೆ ಮತ್ತೆ ಮೊದಲ್ನೇ ಪಾಠದಿಂದಾನಾ?"

"ಹೂಂ," ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಸ್ಟೂಲೊಂದನ್ನು ಪಕ್ಕಕ್ಕೆ ಎಳೆದುಕೊಂಡು ಕೂತರು. "ನಂಗೂ ಹೇಳ್ಕೊಡಿ. ಕೇಳ್ಬೇಕು ಅಂತ ಯಾವಾಗಿಂದಾನೋ ಆಸೆ ಇತ್ತು. ನೀವು ಅಷ್ಟು ಮುಂದೆ ಹೋಗ್ಬಿಟ್ಟಿದ್ರಿ, ಹೆದರ್ಕೊಂಡು ಸುಮ್ನಾದೆ."

ಚಿಕ್ಕಪ್ಪ ಕಂಪ್ಯೂಟರಿನ ಕಡೆ ತಿರುಗಿ ಚೆಸ್ ತೆರೆದರು. ಪರದೆ ಆಟಗಾರರ ಹೆಸರು ಕೇಳುತ್ತಿತ್ತು. ಕಣ್ಣೊರೆಸಿಕೊಂಡು, ಒಂದೇ ಬೆರಳಲ್ಲಿ ಅಕ್ಷರಗಳನ್ನು ಹುಡುಕಿ ಹುಡುಕಿ, ಚಿಕ್ಕಮ್ಮನ ಹೆಸರು ಒತ್ತಿದರು.